ಬಲ್ಗೇರಿಯಾದ ಮೊದಲ ಮೈಕ್ರೊಕಂಪ್ಯೂಟರ್ ಐಎಂಕೆಒ-1ರಲ್ಲಿ ಅಮೆರಿಕದ ಆಪಲ್ 2ರ ಪ್ರೋಗ್ರಾಂಗಳು ಓಡುತ್ತಿದ್ದುದು ಹೇಗೆ?

ಅದನ್ನು ಆಪಲ್ 2ರ ಮಾದರಿಯಲ್ಲೇ ಕಟ್ಟಿದ್ದರು, ಅದಕ್ಕೆ. ಸೋಫಿಯಾದಲ್ಲಿ ಇಂಜಿನಿಯರ್ ಇವಾನ್ ಮರಂಗೋಜೋವ್ 1979-80ರ ಸುಮಾರಿಗೆ ರೂಪಿಸಿದ ಈ ಯಂತ್ರ ಪ್ರಯೋಗಕ್ಕೆಂದು ಬೆರಳೆಣಿಕೆಯಷ್ಟು ಮಾತ್ರ ತಯಾರಾಯಿತು.

ಪ್ರೋಗ್ರಾಂ ಎಂದರೆ ಪ್ರೊಸೆಸರ್‌ಗೆ ಕೊಡುವ ಆಜ್ಞೆಗಳ ಸಾಲು. ಪರದೆ, ಕೀಲಿಮಣೆಗಳು ಮೆಮೊರಿಯ ಯಾವ ವಿಳಾಸದಲ್ಲಿ ಸಿಗುತ್ತವೆ ಎಂಬುದೂ ಅದರಲ್ಲೇ ಬರೆದಿರುತ್ತದೆ. ಆಪಲ್ 2ರಲ್ಲಿದ್ದ 6502 ಎಂಬ ಪ್ರೊಸೆಸರಿನ ಅದೇ ಆಜ್ಞೆಗಳು, ಅದೇ ವಿಳಾಸಗಳು ಇದ್ದರೆ ಪ್ರೋಗ್ರಾಂಗೆ ಯಂತ್ರ ಬದಲಾದದ್ದು ಗೊತ್ತೇ ಆಗುವುದಿಲ್ಲ. ಹೊರಪೆಟ್ಟಿಗೆ ಹೇಗಿದ್ದರೂ ನಡೆಯುತ್ತದೆ.

ನನಗೆ ಇದಕ್ಕಿಂತ ಸ್ವಾರಸ್ಯವೆನಿಸುವುದು ಅಕ್ಷರಗಳ ವಿಷಯ. ಆಗಿನ ಆಪಲ್‌ನಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಮಾತ್ರ ಇತ್ತು. ಸಣ್ಣಕ್ಷರಗಳ ಸಂಕೇತಗಳು, ಅಂದರೆ ಅವನ್ನು ಗುರುತಿಸುವ ಸಂಖ್ಯೆಗಳು, ಖಾಲಿ ಬಿದ್ದಿದ್ದವು. ಅಕ್ಷರದ ಆಕಾರ ಇರುವುದು ರೋಮ್ (ROM) ಎಂಬ ಕಾಯಂ ಮೆಮೊರಿ ಚಿಪ್‌ನಲ್ಲಿ, ಪ್ರೋಗ್ರಾಂನಲ್ಲಲ್ಲ. ಆ ಚಿಪ್ ಬದಲಿಸಿದರೆ ಸಾಕು, ಅದೇ ಸಂಕೇತಕ್ಕೆ ಬೇರೆ ಅಕ್ಷರ ಮೂಡುತ್ತದೆ. ಇದೇ ಸಾಲಿನಲ್ಲಿ ಮುಂದೆ ಬಂದ ಪ್ರಾವೆಟ್ಸ್-82ರಲ್ಲಿ ಬಲ್ಗೇರಿಯನ್ನಿನ 30 ಸಿರಿಲಿಕ್ ಅಕ್ಷರಗಳು ಕೂತದ್ದು ಆ ಜಾಗದಲ್ಲೇ. ಅದು ತಯಾರಾದ ಪ್ರಾವೆಟ್ಸ್ ಊರು, ಅಂದ ಹಾಗೆ, ಆಗಿನ ಕಮ್ಯುನಿಸ್ಟ್ ನಾಯಕ ತೊದೋರ್ ಝಿವ್ಕೋವ್ ಹುಟ್ಟೂರು.