ಇಪ್ಪತ್ತೆಂಟು ಸಾವಿರ ಅನ್ನುವಾಗ ಬರುವ ನಗು

(ಗುರುತು ಸಿಗದಂತೆ ಊರು, ವಯಸ್ಸು, ಕೆಲಸದ ವಿವರ ಬದಲಿಸಿದೆ. ಆತನನ್ನು ಇಲ್ಲಿ ‘ವಿ.’ ಎಂದು ಕರೆದಿದೆ.)

ವಿ.ಗೆ 29 ವರ್ಷ. ಅಂಕೋಲಾ ಕಡೆಯವನು. ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಆರು ವರ್ಷದಿಂದ ಕಾರವಾರದಲ್ಲಿ ಒಂದು ಗುತ್ತಿಗೆ ಕಂಪನಿಯ ಸೈಟ್ ಸೂಪರ್‌ವೈಸರ್. ನನ್ನ ಹತ್ತಿರ ಸಲಹೆಗೆ ಬಂದದ್ದು ನಿದ್ದೆಯ ದೂರು ಹಿಡಿದು. ರಾತ್ರಿ ಒಂದರವರೆಗೆ ಫೋನು, ನಡುವೆ ಎದೆಯುರಿ, ಬೆಳಗಿನ ಬಸ್ಸಿನಲ್ಲಿ ತೂಕಡಿಕೆ. ಹಸಿವು, ಕೆಲಸದ ಆಸಕ್ತಿ, ಸಾಯುವ ಯೋಚನೆ ಎಲ್ಲ ಕೇಳಿ ನೋಡಿದ್ದಾಯಿತು; ಖಿನ್ನತೆಯ ಲಕ್ಷಣ ಕಾಣಲಿಲ್ಲ. ತಲೆಯಲ್ಲಿ ಸುತ್ತುತ್ತಿದ್ದದ್ದು ಒಂದೇ ಮಾತು: “ನಾನು ಜೋಕು ಮಾಡಿದ್ದಷ್ಟೇ ಅಲ್ರಾ ಮೇಡಂ. ಜನಕ್ಕೆ ಎಂತಕ್ಕೆ ಸಿಟ್ಟು?”

ಹಿನ್ನೆಲೆ ಇಷ್ಟು. ಲಿಂಕ್ಡ್‌ಇನ್‌ನಲ್ಲಿ (ಕೆಲಸ, ವೃತ್ತಿಯ ಸಂಪರ್ಕಕ್ಕಿರುವ ಜಾಲತಾಣ) ಆತನಿಗೆ 640 ಸಂಪರ್ಕಗಳು. ಹದಿನಾಲ್ಕು ತಿಂಗಳಿಂದ ವಾರಕ್ಕೆ ಎರಡರಂತೆ ಪಗಾರ, ರಾಜಕೀಯ, ಗುತ್ತಿಗೆ ಕೆಲಸದವರ ಪಾಡು ಇವುಗಳ ಮೇಲೆ ನಗೆಬರಹ ಹಾಕುತ್ತಿದ್ದ. ಜನ ನಗುತ್ತಿದ್ದರು. ಅದೇ ಪಾಲಿಟೆಕ್ನಿಕ್‌ನಲ್ಲಿ ಓದಿದ, ಈಗ ಕೇಂದ್ರ ಸರ್ಕಾರಿ ನೌಕರಿಯಲ್ಲಿರುವ ಹಿರಿಯರೊಬ್ಬರು, ಹುಬ್ಬಳ್ಳಿಯ ಕಂಪನಿಯೊಂದರಲ್ಲಿ ಆತನ ಹೆಸರು ಹೇಳುವುದಾಗಿ ಮಾತು ಕೊಟ್ಟಿದ್ದರು. ಆಮೇಲೆ ಫೋನು ಎತ್ತುವುದನ್ನೇ ಬಿಟ್ಟರು. ಅವರು ಬೇರೆ ಪಕ್ಷದವರು, ಅದಕ್ಕೇ ಸಿಟ್ಟು ಎಂದು ವಿ. ತೀರ್ಮಾನಿಸಿದ್ದ.

ಎರಡನೇ ಭೇಟಿಗೆ ಎರಡು ವಸ್ತು ತರಲು ಹೇಳಿದೆ: ಕೊನೆಯ ಇಪ್ಪತ್ತು ಪೋಸ್ಟುಗಳ ಪ್ರಿಂಟು, ಮೂರು ತಿಂಗಳ ಪಗಾರ ಚೀಟಿ. ಪ್ರಿಂಟು ಎಂಬುದು ಮುಖ್ಯ. ಫೋನಿನಲ್ಲಿ ಓದಿದರೆ ಕಣ್ಣು ಲೈಕುಗಳ ಕಡೆಗೆ ಹೋಗುತ್ತದೆ. ಕಾಗದದ ಮೇಲೆ ಬರೀ ಮಾತು ಉಳಿಯುತ್ತದೆ.

ಮೂರನ್ನು ಆರಿಸಿ ಬಿಡಿಸಿ ನೋಡಿದೆವು.

ಮೊದಲನೆಯದು: “ಹುಬ್ಬಳ್ಳಿ–ಅಂಕೋಲಾ ರೈಲು, ನನ್ನ ಇನ್‌ಕ್ರಿಮೆಂಟು: ಎರಡೂ ಸರ್ವೆ ಹಂತದಲ್ಲಿವೆ.” ಇದು ಒಳ್ಳೆಯ ಜೋಕು. ರಾಜಕೀಯವೂ ಇದೆ, ಪಗಾರವೂ ಇದೆ, ಆದರೆ ನಗೆ ಬಿದ್ದಿರುವುದು ಬರೆದವನ ಮೇಲೆಯೇ. ಶಿರಸಿಯವರೂ ನಗುತ್ತಾರೆ, ಭಟ್ಕಳದವರೂ ನಗುತ್ತಾರೆ, ಯಾವ ಪಕ್ಷದವರೂ ಮುಖ ಗಂಟಿಕ್ಕುವುದಿಲ್ಲ. ಇಟ್ಟುಕೊಳ್ಳಲು ಹೇಳಿದೆ. ವೃತ್ತಿ ಜಾಲದಲ್ಲಿ ನಗೆಯೇ ಕೂಡದು ಎನ್ನುವ ಉಪದೇಶ ನನಗೆ ಒಪ್ಪಿಗೆಯಿಲ್ಲ; “ಹೆಮ್ಮೆಯಿಂದ ತಿಳಿಸುತ್ತಿದ್ದೇನೆ” ಎಂದು ಶುರುವಾಗುವ ನೂರು ಪೋಸ್ಟುಗಳ ನಡುವೆ ಒಂದು ನಗೆ ಸಿಕ್ಕರೆ ಪುಣ್ಯ.

ಎರಡನೆಯದು: “ಚುನಾವಣೆಗೆ ಕೊಡಲು ಇವರ ಹತ್ರ ದುಡ್ಡಿದೆ, ಚೌತಿ ಬೋನಸ್ಸಿಗೆ ಇಲ್ಲ. ಗಣಪತಿಗೆ ಓಟಿಲ್ಲ ನೋಡಿ.” ನಗು ಬರುತ್ತದೆ, ಸುಳ್ಳಲ್ಲ. ಆದರೆ ‘ಇವರು’ ಯಾರು? ಕಂಪನಿಯ ಹೆಸರು ಬರೆದಿಲ್ಲ ಎಂದು ವಿ. ವಾದಿಸಿದ. ಪೋಸ್ಟಿನ ಮೇಲೆ ಆತನ ಹೆಸರು, ಅದರ ಕೆಳಗೆ ಹುದ್ದೆ ಮತ್ತು ಕಂಪನಿ ತಾನಾಗಿ ಕಾಣುತ್ತವೆ. ಹೀಗಾಗಿ ಇದು ಜೋಕಿನ ಅಂಗಿ ತೊಟ್ಟ ಆರೋಪ. ಕೈಯಲ್ಲಿ ದಾಖಲೆ ಇಲ್ಲ. ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್. ತಮಾಷೆಗೆ ಹೇಳಿದೆ ಎನ್ನುವುದು ಅಲ್ಲಿ ತಾನಾಗಿ ರಕ್ಷಣೆ ಆಗುವುದಿಲ್ಲ. ದಾವೆ ದೂರದ ಮಾತು. ಕೆಲಸ ಕೊಡುವವನು ಮಾತ್ರ ‘ನಾಳೆ ನಮ್ಮ ಬಗ್ಗೆಯೂ ಹೀಗೇ ಬರೆಯುತ್ತಾನೆ’ ಎಂದು ಓದಿಕೊಳ್ಳುತ್ತಾನೆ.

ಮೂರನೆಯದರಲ್ಲಿ ಗುಟ್ಟು ಸಿಕ್ಕಿತು. “ಹೆದ್ದಾರಿ ಕೆಲಸ ಮುಗಿಯುವುದರೊಳಗೆ ಕೆಲಸ ಕೊಡಿಸ್ತೇನೆ ಅಂತ ನಮ್ಮ ಅಣ್ಣ ಮಾತು ಕೊಟ್ಟಿದ್ದಾರೆ. ಅಂದ್ರೆ ಇನ್ನೂ ಎರಡು ಸರ್ಕಾರ ಬದಲಾಗಬೇಕು.” ‘ಅಣ್ಣ’ ಎಂಬಲ್ಲಿ ಆ ಹಿರಿಯರ ಹೆಸರನ್ನೇ ಟ್ಯಾಗ್ ಮಾಡಿದ್ದ. ಕೇಂದ್ರ ಸರ್ಕಾರಿ ನೌಕರರಿಗೆ 1964ರ ನಡತೆ ನಿಯಮಗಳಿವೆ. ರಾಜಕೀಯದಲ್ಲಿ ಪಾಲ್ಗೊಳ್ಳುವುದಕ್ಕೂ ಸರ್ಕಾರವನ್ನು ಬಹಿರಂಗವಾಗಿ ಟೀಕಿಸುವುದಕ್ಕೂ ಅಲ್ಲಿ ತಡೆ ಇದೆ. ರಾಜ್ಯದವರಿಗೆ 2021ರ ನಿಯಮಗಳು. ವಿ. ಖಾಸಗಿಯವನು, ಆತನಿಗೆ ಈ ನಿಯಮಗಳ ಬಾಧೆಯಿಲ್ಲ. ಆದರೆ ಟ್ಯಾಗ್ ಮಾಡಿದ ಗಳಿಗೆಯಲ್ಲಿ ತನ್ನ ಸ್ವಾತಂತ್ರ್ಯದ ಬಿಲ್ಲನ್ನು ಇನ್ನೊಬ್ಬರ ಹೆಸರಿಗೆ ಬರೆದಿದ್ದ. ಮೇಲಾಗಿ ‘ಈತ ಕೆಲಸ ಕೊಡಿಸುತ್ತಾನೆ’ ಎಂಬ ಜಾಹೀರಾತು ಬೇರೆ. ಇಂಥದ್ದಕ್ಕೆ ಅವರ ಮೌನ ಬಹಳ ಸೌಮ್ಯವಾದ ಉತ್ತರ.

ನಂತರ ಪಗಾರ ಚೀಟಿ. ಒಟ್ಟು 24,500 ರೂಪಾಯಿ: ಮೂಲ ವೇತನ 9,000, ಉಳಿದ 15,500 ನಾನಾ ಭತ್ಯೆ. ಮೂಲ ವೇತನದ ಶೇ. 12ರಂತೆ ಪಿಎಫ್ 1,080 ಕಳೆದು ಕೈಗೆ 23,420. ಎಷ್ಟು ಬೇಕು ಎಂದು ಕೇಳಿದೆ. “ಇಪ್ಪತ್ತೆಂಟು ಸಾವಿರ” ಎಂದು ಹೇಳಿ ನಕ್ಕ. ನಗದೆ ಹೇಳಲು ಕೇಳಿಕೊಂಡೆ. ಮತ್ತೆ ನಕ್ಕ. ಮೂರನೇ ಸಲ “ಮೂವತ್ತೇ ಇರ್ಲಿ ಬಿಡಿ, ಚಹಾ ಖರ್ಚಿಗೆ” ಎಂದ. ಏಳನೇ ಸಲ ಮುಖ ನೆಟ್ಟಗಿಟ್ಟುಕೊಂಡು ಹೇಳುವಾಗ ಕಿವಿ ಕೆಂಪಾಗಿತ್ತು. ಈ ಮೊತ್ತವನ್ನು ಕಂಪನಿಯಲ್ಲಿ ಯಾರ ಮುಂದೆ ಹೇಳಿದ್ದೀಯಾ ಎಂದರೆ, ಯಾರ ಮುಂದೆಯೂ ಇಲ್ಲ. 640 ಜನರಿಗೆ ಗೊತ್ತಿದ್ದ ವಿಷಯ, ಕೊಡಬೇಕಾದ ಒಬ್ಬನಿಗೆ ಗೊತ್ತಿರಲಿಲ್ಲ.

ನಮ್ಮ ಕಡೆ ಇದು ಅಪರೂಪವಲ್ಲ. ದುಡ್ಡು ಕೇಳುವುದೆಂದರೆ ದಾಕ್ಷಿಣ್ಯ. ಕೇಳಿದರೂ ಒಂದು ಚಟಾಕಿಯಲ್ಲಿ ಸುತ್ತಿ, ಎದುರಿನವರು ‘ಇಲ್ಲ’ ಅಂದರೆ ‘ತಮಾಷೆಗೆ ಅಂದೆ’ ಎಂದು ಹಿಂದೆ ಸರಿಯಲು ದಾರಿ ಇಟ್ಟುಕೊಂಡಿರುತ್ತೇವೆ. ಯಕ್ಷಗಾನ ಹುಚ್ಚಿನ ವಿ.ಗೆ ಅದೇ ಭಾಷೆಯಲ್ಲಿ ಹೇಳಬೇಕಾಯಿತು: ಹಾಸ್ಯಗಾರ ದೂತನಾಗಿ ಬಂದು ರಾಜನನ್ನೇ ಕೆಣಕುತ್ತಾನೆ, ಸರಿ; ತಂದ ಸುದ್ದಿ ಹೇಳದೆ ಒಳಗೆ ಹೋಗುತ್ತಾನೋ? ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸುದ್ದಿನೇ ಹೇಳಿಲ್ಲ ನಾನು” ಎಂದ.

ಸಲಹೆ ಕೊಟ್ಟದ್ದು ಹೀಗೆ.

ಪೋಸ್ಟುಗಳನ್ನು ಒಂದೇ ರಾತ್ರಿ ಅಳಿಸಿ, ಮೇಲೊಂದು ಕ್ಷಮಾಪಣೆ ಪೋಸ್ಟ್ ಹಾಕಬಾರದು. ನೋಡದಿದ್ದವರೂ ಹುಡುಕಲು ಶುರುಮಾಡುತ್ತಾರೆ. ದಿನಕ್ಕೆ ಮೂರೋ ನಾಲ್ಕೋ ತೆಗೆಯಬೇಕು. ಮೊದಲು ಟ್ಯಾಗ್ ಇರುವವು, ಆಮೇಲೆ ಆರೋಪ ಇರುವವು. ತನ್ನನ್ನೇ ನಕ್ಕವು, ಧೋರಣೆಯ ಬಗ್ಗೆ ವಾದ ಇರುವವು ಉಳಿಯಲಿ. ಕನಿಷ್ಠ ವೇತನ ಸಾಲದು ಎನ್ನುವುದು ಅಭಿಪ್ರಾಯ, ಅದಕ್ಕೆ ನಾಚಬೇಕಾದ್ದಿಲ್ಲ. ಹೆಚ್ಚಿನವರು ಮರೆಯುವುದು ಬೇರೆಯವರ ಪೋಸ್ಟಿನ ಕೆಳಗೆ ಬರೆದ ಕಾಮೆಂಟುಗಳನ್ನು. ಪ್ರೊಫೈಲಿನ ಚಟುವಟಿಕೆ ಭಾಗದಲ್ಲಿ ಅವೂ ಸಾಲಾಗಿ ಕಾಣುತ್ತವೆ, ಕೆಲಸಕ್ಕೆ ಆಳು ಹುಡುಕುವವರು ಓದುವುದೂ ಅದನ್ನೇ. ವಾಟ್ಸಾಪ್ ಗುಂಪಿನಲ್ಲಿ ಎಲ್ಲರಿಗೂ ಅಳಿಸುವ ಅವಕಾಶ ಎರಡೂವರೆ ದಿನ ಮಾತ್ರ. ಹಳೆಯದನ್ನು ಕೆದಕದೆ ಬಿಡುವುದೇ ವಾಸಿ.

ಹಿರಿಯರಿಗೆ ಮೆಸೇಜು ಬೇಡ, ಫೋನು. ಅಳಿಸಿದ ಮೇಲೆಯೇ ಮಾಡಬೇಕು, ಮೊದಲಲ್ಲ. ಭಾನುವಾರ ಅವರು ಮೀನು ಪೇಟೆಯಿಂದ ಮನೆಗೆ ಬಂದಿರುವ ಹೊತ್ತು, ಹತ್ತು ಹತ್ತೂವರೆ. ಮೂರೇ ವಾಕ್ಯ: “ಅಣ್ಣಾ, ಆ ಪೋಸ್ಟಿನಲ್ಲಿ ನಿಮ್ಮ ಹೆಸರು ಹಾಕಿದ್ದು ನನ್ನ ತಪ್ಪು. ನಿನ್ನೆ ತೆಗೆದಿದ್ದೇನೆ. ಕೆಲಸದ ವಿಷಯ ಕೇಳೋದಕ್ಕೆ ಫೋನು ಮಾಡಿದ್ದಲ್ಲ.” ‘ನೋವಾಗಿದ್ದರೆ ಕ್ಷಮಿಸಿ’ ಎನ್ನುವ ‘ಇದ್ದರೆ’ ಬೇಡ. ‘ಜೋಕು ಅಷ್ಟೇ ಆಗಿತ್ತು’ ಅಂತೂ ಬೇಡವೇ ಬೇಡ.

ಪಗಾರ ಕೇಳುವುದಕ್ಕೆ ಹೊತ್ತು ನೋಡಬೇಕು. ಗುತ್ತಿಗೆ ಕಂಪನಿ ತನ್ನ ಆಳಿನ ದರವನ್ನು ಟೆಂಡರಿನಲ್ಲಿ ಬರೆದುಕೊಟ್ಟಿರುತ್ತದೆ. ಅವಧಿಯ ನಡುವೆ ಕೇಳಿದರೆ ಮ್ಯಾನೇಜರು ಒಳ್ಳೆಯವನಾದರೂ ಕೈ ಕಟ್ಟಿರುತ್ತದೆ. ಹೊಸ ದರ ಬರೆಯುವ ಎರಡು ಮೂರು ತಿಂಗಳ ಮುಂಚೆ ಕೇಳಿದರೆ ಆ ಮೊತ್ತ ಲೆಕ್ಕದೊಳಗೆ ಸೇರುತ್ತದೆ. ಒಂದೇ ಪುಟದ ಪತ್ರ: ಸೇರಿದಾಗ ಇದ್ದ ಕೆಲಸ, ಈಗಿನ ಕೆಲಸ, ಬೇಕಾದ ಮೊತ್ತ, ಯಾವ ತಿಂಗಳಿಂದ. ವಿ. ಲಾಗ್‌ಬುಕ್ ತಿರುವಿ ಎಣಿಸಿದಾಗ ವರ್ಷದಲ್ಲಿ 41 ಸಲ ರಾತ್ರಿ ಕರೆ ಬಂದು ಹೋಗಿದ್ದ. ಬಿಟ್ಟುಹೋದ ಒಬ್ಬನ ಎರಡು ಪ್ಯಾನೆಲ್‌ಗಳನ್ನೂ ಈತನೇ ನೋಡುತ್ತಿದ್ದ. ‘ತುಂಬಾ ಕಷ್ಟಪಡುತ್ತೇನೆ’ ಎಂಬುದಕ್ಕಿಂತ ಈ 41 ಹೆಚ್ಚು ಮಾತಾಡುತ್ತದೆ. ಪತ್ರ ಮ್ಯಾನೇಜರಿಗೆ, ಆದರೆ ಸೈಟ್ ಇನ್‌ಚಾರ್ಜ್‌ಗೆ ಮೊದಲು ಬಾಯಲ್ಲಿ ತಿಳಿಸಬೇಕು. ತಲೆ ಮೇಲೆ ದಾಟಿ ಹೋದರೆ ಒಳ್ಳೆಯ ಪತ್ರವೂ ಅಲ್ಲೇ ಕೂರುತ್ತದೆ.

ಇನ್ನೊಂದು ಪ್ರಶ್ನೆಯನ್ನೂ ಬರೆಸಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲಿ, ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದ ಭಾಗವನ್ನು ವೇತನಕ್ಕೇ ಸೇರಿಸಿ ಲೆಕ್ಕ ಹಾಕಬೇಕು. 24,500ರಲ್ಲಿ ವೇತನ 12,250 ಆಗಬೇಕಿತ್ತು, 9,000 ಅಲ್ಲ. ಇದನ್ನು ಜಗಳದ ದನಿಯಲ್ಲಿ ಅಲ್ಲ, ‘ನಮ್ಮ ಚೀಟಿ ಯಾವಾಗ ಬದಲಾಗುತ್ತದೆ’ ಎಂದು ಕೇಳಿದರೆ ಸಾಕು. ಜತೆಗೆ ನೇಮಕಾತಿ ಪತ್ರ ಓದಲು ಹೇಳಿದೆ. ಸಂಬಳದ ಗೌಪ್ಯತೆಯ ಷರತ್ತು ಅದರಲ್ಲಿದ್ದರೆ ಪಗಾರದ ಅಂಕಿ ಪೋಸ್ಟಿನಲ್ಲಿ ಬರಬಾರದು.

ಹುಬ್ಬಳ್ಳಿಯ ಕೆಲಸಕ್ಕೆ ವರ್ಷಕ್ಕೆ 4.2 ಲಕ್ಷ ಸಿಟಿಸಿ (ಒಬ್ಬ ನೌಕರನಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಎಂದಿದ್ದರು. ವಿ. ಅದನ್ನು ತಿಂಗಳಿಗೆ 35,000 ಎಂದು ತಿಳಿದು ಆಗಲೇ ಬಾಡಿಗೆ ಮನೆ ನೋಡುತ್ತಿದ್ದ. ಮೂಲ ವೇತನ ಅರ್ಧ ಎಂದರೆ 17,500. ಸಿಟಿಸಿಯೊಳಗೇ ಕಂಪನಿಯ ಪಿಎಫ್ ಪಾಲು 2,100, ಗ್ರಾಚ್ಯುಟಿ ಶೇ. 4.81ರಂತೆ 842 ಅಡಗಿರುತ್ತವೆ. ಉಳಿದ 32,058ರಲ್ಲಿ ಆತನ ಪಿಎಫ್ 2,100, ವೃತ್ತಿ ತೆರಿಗೆ 200 ಹೋಗಿ ಕೈಗೆ 29,758. ಹುಬ್ಬಳ್ಳಿಯ ಬಾಡಿಗೆ, ಊಟ ಕಳೆದರೆ ಅಂಕೋಲಾದ ಮನೆಯಿಂದ ಓಡಾಡುವುದಕ್ಕಿಂತ ಎಷ್ಟು ಮೇಲು ಎಂದು ಆತನೇ ಕೂಡಿಸಿ ಕಳೆದು ನೋಡಿದ.

ಸಂಪರ್ಕಗಳ ವಿಷಯಕ್ಕೆ ಹೆಚ್ಚು ಹೇಳಬೇಕಾಗಲಿಲ್ಲ. 640ರಲ್ಲಿ ಫೋನು ಎತ್ತುವವರ ಪಟ್ಟಿ ಮಾಡಿಸಿದೆ: ಹದಿನೇಳು. ಹದಿನೈದು ದಿನಕ್ಕೆ ಇಬ್ಬರಿಗೆ ಬರೆಯುವುದು, ಎರಡು ನಿಮಿಷದಲ್ಲಿ ಉತ್ತರಿಸಬಹುದಾದ ಒಂದೇ ಪ್ರಶ್ನೆ ಕೇಳುವುದು. ಮೊದಲ ಮೆಸೇಜಿಗೇ ಬಯೋಡೇಟಾ ಅಂಟಿಸಿದರೆ ಉತ್ತರ ಬರುವುದಿಲ್ಲ. ರಾತ್ರಿ ಹೊಳೆದ ಜೋಕನ್ನು ಡ್ರಾಫ್ಟಿನಲ್ಲಿ ಇಟ್ಟು, ಮರುದಿನ ಹತ್ತರ ಚಹಾ ಆದ ಮೇಲೆ ಓದಿ ಹಾಕುವುದು. ಹತ್ತೂವರೆಗೆ ಫೋನು ಅಡುಗೆಮನೆಯ ಚಾರ್ಜರಿಗೆ.

ನಾಲ್ಕನೇ ಭೇಟಿ ಹತ್ತು ವಾರ ಬಿಟ್ಟು. ಹಿರಿಯರು ಫೋನಿನಲ್ಲಿ ಹೇಳಿದ್ದು: “ತಮಾ, ಜೋಕಿಗೆ ನಗು ಬಂತು ಮಾರಾಯಾ. ನನ್ನ ಹೆಸರು ಎಂತಕ್ಕೆ ಹಾಕಿದೆ? ಮೇಲಿನವರು ಕೇಳಿದ್ರು.” ಪಕ್ಷದ ಮಾತೇ ಬರಲಿಲ್ಲ. ಹುಬ್ಬಳ್ಳಿಯ ಜಾಗ ಅಷ್ಟರಲ್ಲಿ ತುಂಬಿತ್ತು. ಕಂಪನಿ 28,000 ಕೊಡಲಿಲ್ಲ, 26,500 ಮಾಡಿತು, ಮೂಲ ವೇತನ 13,250. ಪಿಎಫ್ 1,590, ಸಂಬಳ 25,000 ಮುಟ್ಟಿದ್ದರಿಂದ ವೃತ್ತಿ ತೆರಿಗೆ 200, ಕೈಗೆ 24,710. “ಎರಡು ಸಾವಿರ ಏರಿತು, ಜೇಬಿಗೆ ಬಂದದ್ದು 1,290” ಎಂದು ವಿ. ಲೆಕ್ಕ ಒಪ್ಪಿಸಿದ. ಪಿಎಫ್‌ಗೆ ಹೆಚ್ಚಾದ 510 ಆತನದೇ ಖಾತೆಯಲ್ಲಿದೆ, ಕಂಪನಿಯೂ ಅಷ್ಟೇ ಸೇರಿಸಬೇಕು ಎಂದು ನೆನಪಿಸಿದೆ. ನಿದ್ದೆ ಹನ್ನೊಂದೂವರೆಗೆ ಬಂದಿದೆ, ಎದೆಯುರಿ ವಾರಕ್ಕೊಮ್ಮೆ. ವಿದ್ಯುತ್ ಪರಿವೀಕ್ಷಣಾಲಯದ ಸೂಪರ್‌ವೈಸರ್ ಪರವಾನಗಿಗೆ ಅರ್ಜಿ ಹಾಕುವುದು ಬಾಕಿ; ಆರು ವರ್ಷದ ಅನುಭವದ ಪತ್ರವನ್ನು ಕಂಪನಿಯಿಂದ ಕೇಳಿ ಪಡೆಯಬೇಕು. ಅದನ್ನು ಕೇಳುವ ವಾಕ್ಯವನ್ನು ಇಲ್ಲಿಯೇ ಮೂರು ಸಲ ಹೇಳಿಸಿದೆ. ಎರಡು ಸಲ ನಕ್ಕ.