ಗಾನವೃಂದಕ್ಕೆ ಯಾರೂ ಬರ್ತಿಲ್ಲ ಎಂದ ಟೀಚರ್

ಇದು ಮೈಸೂರು ಕಡೆಯ ಒಂದು ಧರ್ಮಕೇಂದ್ರದ, ಅಂದರೆ ಕ್ಯಾಥೊಲಿಕ್ ಚರ್ಚಿನ, ಪ್ರಕರಣ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ನನ್ನ ಬಳಿ ಆಪ್ತಸಲಹೆಗೆ ಬಂದವರಿಗೆ 61 ವರ್ಷ. ಪೂಜೆಯಲ್ಲಿ ಹಾಡುವ ಗುಂಪನ್ನು, ಅಂದರೆ ಗಾನವೃಂದವನ್ನು, ನಡೆಸುವವರು. ಗುಂಪಿನವರು ಅವರನ್ನು ಟೀಚರ್ ಅಂತಲೇ ಕರೆಯುವುದು. ನಾನೂ ಹಾಗೇ ಕರೆದೆ.

"ನಿದ್ದೆ ಬರ್ತಿಲ್ಲ ಮೇಡಂ" ಎಂದು ಶುರು ಮಾಡಿದರು. ಹಾಡಿನ ಅಭ್ಯಾಸದ ಶನಿವಾರ ಬಂದರೆ ಎದೆ ಡವಡವ. ಒಂದು ಕಾಲಕ್ಕೆ 22 ಜನ ಹಾಡುತ್ತಿದ್ದ ಕಡೆ ಈಗ ಆರು ಜನ. ಗಂಡು ದನಿ ಒಂದೇ. ಕೆಲವರು ಕೆಲಸಕ್ಕೆಂದು ಬೆಂಗಳೂರು ಸೇರಿದರು, ಕೆಲವರು ಮದುವೆಯಾಗಿ ಹೋದರು.

ಕೈಚೀಲದಿಂದ ಹಾಡಿನ ಪುಸ್ತಕ ತೆಗೆದರು. ಉದ್ದನೆಯ ನೋಟ್‌ಬುಕ್, ಹಳೇ ಕ್ಯಾಲೆಂಡರ್ ಹಾಳೆಯ ಹೊದಿಕೆ, ಅಂಚಿನಲ್ಲಿ ಮೇಣದ ಕಲೆ. ಪ್ರವೇಶ ಗೀತೆ, ಕಾಣಿಕೆ ಗೀತೆ, ಪರಮಪ್ರಸಾದದ ಗೀತೆ. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಶ್ರುತಿ. ಕೊನೆಯ ಪುಟದಲ್ಲಿ ಹಾಡುವವರ ಹೆಸರು. ಬಿಟ್ಟವರ ಹೆಸರಿಗೆ ಗೀಟು. ಗೀಟು ಬಿದ್ದ ಹೆಸರೇ ಜಾಸ್ತಿ. ಒಂದರ ಮೇಲೆ ಬೆರಳಿಟ್ಟು ಸುಮ್ಮನಾದರು. ಒಂಬತ್ತನೇ ತರಗತಿಯ ಹುಡುಗ. ಮೊದಲ ದಿನವೇ ಎಲ್ಲರೆದುರು "ನಿಂಗೆ ಶ್ರುತಿ ನಿಲ್ಲಲ್ಲ ಕಣೋ" ಎಂದಿದ್ದರು. ಮುಂದಿನ ವಾರ ಅವನು ಬರಲಿಲ್ಲ. ಎರಡು ವರ್ಷ ಆಯಿತು.

ಗಂಟು ಎಲ್ಲಿದೆ ಅಂತ ಆಗ ನನಗೆ ತಿಳಿಯಿತು. ಟೀಚರ್ ಹೊಸಬರನ್ನು ಕರೆಯುತ್ತಿದ್ದರು, ಆದರೆ ಅವರ ಬಾಯಲ್ಲಿ ಹಳಬರ ದನಿಯನ್ನೇ ಹುಡುಕುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಆ ಗುಂಪೇ ಅವರಿಗೆ ಮನೆ. ಮೊದಲ ಎರಡು ಭೇಟಿ ಆ ದುಃಖಕ್ಕೇ ಹೋಯಿತು. ಹೋಗಲೇಬೇಕಿತ್ತು. ಅದನ್ನು ಹೇಳಿಕೊಳ್ಳುವ ಮೊದಲು ಯಾವ ಉಪಾಯವೂ ತಲೆಗೆ ಹತ್ತುವುದಿಲ್ಲ.

ಆಮೇಲೆ ಸಲಹೆ. ಪೂಜೆ ಮುಗಿದಾಗ ಮಾಡುವ ಪ್ರಕಟಣೆ ನಿಲ್ಲಿಸಿ ಎಂದೆ. "ಆಸಕ್ತರು ಬನ್ನಿ" ಅಂದರೆ ಅದು ತನಗೇ ಹೇಳಿದ್ದು ಅಂತ ಯಾರಿಗೂ ಅನಿಸುವುದಿಲ್ಲ. ಬೆಂಚಿನಲ್ಲಿ ಬಾಯಿ ತುಂಬಾ ಹಾಡುವವರು ನಾಲ್ಕಾರು ಜನ ಇದ್ದೇ ಇರ್ತಾರೆ ಅಲ್ವಾ? ಅವರನ್ನು ಹೆಸರು ಹಿಡಿದು ಕೇಳಿ. ಅದೂ ಜೀವಮಾನಕ್ಕಲ್ಲ, ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ನಾಲ್ಕು ವಾರ ಮತ್ತು ಕ್ರಿಸ್ಮಸ್ ರಾತ್ರಿಯ ಪೂಜೆಗೆ ಮಾತ್ರ. ಸಾಕೆನಿಸಿದರೆ ಬಿಡಬಹುದು ಅಂತ ಮೊದಲೇ ಹೇಳಿಬಿಡಿ. ಶನಿವಾರ ಸಂಜೆ ಮಕ್ಕಳಿಗೆ ಟ್ಯೂಷನ್. ಅಭ್ಯಾಸವನ್ನು ಭಾನುವಾರ ಪೂಜೆಯ ನಂತರಕ್ಕೆ ಇಡಿ. ಹಾಡು ರೆಕಾರ್ಡ್ ಮಾಡಿ ವಾಟ್ಸಾಪ್‌ಗೆ ಹಾಕಿ.

ಹಾಡುಗಳೆಲ್ಲ ಟೀಚರ್ ಚಿಕ್ಕವಯಸ್ಸಿನ ದನಿಗೆ ಕೂರಿಸಿದವು. ಗಂಡಸರಿಗೆ ಎಟುಕುವುದಿಲ್ಲ. ಈಗ ಅವರಿಗೂ ಕಷ್ಟವೇ. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಒತ್ತಿ ಶ್ರುತಿ ಇಳಿಸಿ ಎಂದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ದನಿ ತಪ್ಪಿದವರನ್ನು ಎಲ್ಲರೆದುರು ತಿದ್ದಬೇಡಿ, ಗಟ್ಟಿ ದನಿಯವರ ಪಕ್ಕ ನಿಲ್ಲಿಸಿ ಎಂದೂ ಹೇಳಿದೆ.

"ಪೂಜೇಲಿ ಅಪಶ್ರುತಿ ಬಂದ್ರೆ ಮೇಡಂ?"

ಆ ಭಯದ ಹಿಂದೆ ಭಕ್ತಿಯಿತ್ತು, ನಾನದನ್ನು ತಳ್ಳಿಹಾಕಲಿಲ್ಲ. 1963ರ ಡಿಸೆಂಬರ್‌ನಲ್ಲಿ ಕ್ಯಾಥೊಲಿಕ್ ಬಿಷಪರ ಎರಡನೇ ವ್ಯಾಟಿಕನ್ ಮಹಾಸಭೆ ಆರಾಧನೆಯ ಬಗ್ಗೆ ಹೊರಡಿಸಿದ ದಾಖಲೆಯನ್ನು ನೆನಪಿಸಿದೆ. ಗಾನವೃಂದಗಳನ್ನು ಬೆಳೆಸಿ ಎನ್ನುವ ಅದೇ ಜಾಗದಲ್ಲಿ, ನೆರೆದ ಜನರೆಲ್ಲ ತಮ್ಮ ಪಾಲಿನದನ್ನು ಹಾಡುವಂತಿರಬೇಕು ಎಂದೂ ಅದು ಹೇಳುತ್ತದೆ. ಪೂಜೆ ಲ್ಯಾಟಿನ್‌ನಿಂದ ಕನ್ನಡಕ್ಕೆ ಬಂದದ್ದೂ ಆ ಮಹಾಸಭೆಯಿಂದಲೇ. ಲ್ಯಾಟಿನ್ ಪೂಜೆಯ ಹೊತ್ತಿಗೆ ತಮ್ಮ ಅಮ್ಮ ಜಪಮಾಲೆ ಹಿಡಿದು ಸುಮ್ನೆ ಕೂತಿರುತ್ತಿದ್ದರಂತೆ, ಟೀಚರ್ ತಾವಾಗಿಯೇ ಹೇಳಿದರು.

ಹುಡುಗನ ವಿಷಯವನ್ನೂ ಅವರೇ ಎತ್ತಿದರು. ಕ್ಷಮೆ ಕೇಳಿ, ಆದರೆ ಅದೇ ಉಸಿರಿನಲ್ಲಿ ಹಾಡಲು ಕರೆಯಬೇಡಿ ಎಂದೆ. ಜನ ಬೇಕಾಗಿದ್ದಾರೆ ಅಂತ ಕೇಳಿದ ಕ್ಷಮೆಯಂತೆ ಅವನಿಗೆ ಅನಿಸಬಾರದು.

ನವೆಂಬರ್ 22, ಹಾಡುವವರ ಪಾಲಕಿ ಸಂತ ಸಿಸಿಲಿಯಾ ಹಬ್ಬದ ಹೊತ್ತಿಗೆ ಐದು ಜನ ಹೊಸಬರು ಬಂದಿದ್ದರು. ಒಬ್ಬರು ಎರಡೇ ವಾರಕ್ಕೆ ಬಿಟ್ಟರು. ಆ ಹೆಸರಿಗೆ ಟೀಚರ್ ಗೀಟು ಎಳೆದಿಲ್ಲವಂತೆ. ನಿದ್ದೆ ಪರವಾಗಿಲ್ಲ. ಹುಡುಗ ಇನ್ನೂ ಹಾಡುತ್ತಿಲ್ಲ. ಭಾನುವಾರ ಅಭ್ಯಾಸ ಮುಗಿಯುವವರೆಗೆ ಅಲ್ಲೇ ಇದ್ದು, ಮೈಕಿನ ವೈರ್ ಸುತ್ತಿಟ್ಟು ಹೋಗುತ್ತಾನಂತೆ.