ದೇಶ ಸುಮ್ಮನಿದ್ದರೆ ಒಪ್ಪಿದ ಹಾಗಾ?

‘ಬೇರೆ ದೇಶ ಏನಾದರೂ ಮಾಡಿದಾಗೆಲ್ಲ ನಮ್ಮವರು ಆಕ್ಷೇಪ ಹೇಳುತ್ತಾರೆ. ಆಮೇಲೆ ಏನೂ ಆಗುವುದಿಲ್ಲ. ಸುಮ್ನೆ ಇದ್ದರೆ ಏನು ನಷ್ಟ?’ ಎಂದು ಕೇಳಿದ್ದೀರಿ.

ನಾನು ಕಾರವಾರದಲ್ಲಿ ವಕೀಲ. ನನ್ನ ಬಳಿ ಬರುವುದು ಜಾಸ್ತಿ ಬೇಲಿ ಜಗಳಗಳೇ. ಪಕ್ಕದವರ ಬೇಲಿ ಮೊಳದಷ್ಟು ಒಳಗೆ ಬಂದಾಗ ಅಪ್ಪ ‘ಹೋಗಲಿ ಬಿಡು’ ಅಂದಿರುತ್ತಾರೆ. ಈಗ ಮಗ ಕಾಗದ ಹಿಡಿದು ಓಡಾಡುತ್ತಾನೆ. ದೇಶಗಳ ಕಥೆಯೂ ಹೆಚ್ಚುಕಮ್ಮಿ ಇದೇ.

ಕಾಂಬೋಡಿಯಾ–ಥಾಯ್ಲೆಂಡ್ ಗಡಿಯಲ್ಲಿ ಪ್ರೆಯಾ ವಿಹಾರ್ ಎಂಬ ಹಳೆಯ ಶಿವ ದೇವಸ್ಥಾನವಿದೆ. ಬೆಟ್ಟದ ಮೇಲೆ ನೀರು ಎರಡು ಕಡೆಗೆ ಒಡೆದು ಹರಿಯುವ ಗೆರೆಯೇ ಗಡಿ ಎಂದು 1904ರಲ್ಲಿ ಒಪ್ಪಂದವಾಗಿತ್ತು. ಕಾಂಬೋಡಿಯಾ ಆಗ ಫ್ರೆಂಚರ ಕೈಯಲ್ಲಿತ್ತು. ಫ್ರೆಂಚ್ ಅಧಿಕಾರಿಗಳು ಬರೆದ ನಕ್ಷೆಯಲ್ಲಿ ದೇವಸ್ಥಾನ ಕಾಂಬೋಡಿಯಾದ ಕಡೆಗೆ ಬಂತು. 1908ರಲ್ಲಿ ಆ ನಕ್ಷೆ ಸಯಾಮಿಗೆ, ಅಂದರೆ ಇಂದಿನ ಥಾಯ್ಲೆಂಡಿಗೆ, ತಲುಪಿತು. ತಕರಾರು ತೆಗೆಯುವುದಿರಲಿ, ಅಲ್ಲಿನ ಒಳಾಡಳಿತ ಸಚಿವ ರಾಜಕುಮಾರ ದಾಮ್ರೋಂಗ್ ಥ್ಯಾಂಕ್ಸ್ ಹೇಳಿ ಇನ್ನೂ 15 ಪ್ರತಿ ಕೇಳಿದರು! 1930ರಲ್ಲಿ ಅವರೇ ದೇವಸ್ಥಾನ ನೋಡಲು ಹೋದರು. ಫ್ರೆಂಚ್ ಅಧಿಕಾರಿ ತನ್ನ ದೇಶದ ಬಾವುಟ ಹಾರಿಸಿಕೊಂಡು ಸ್ವಾಗತಿಸಿದ. ಆಗಲೂ ಚಕಾರ ಇಲ್ಲ. 1962ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಇಷ್ಟು ವರ್ಷದ ಮೌನವನ್ನೇ ನಕ್ಷೆಗೆ ಒಪ್ಪಿಗೆಯೆಂದು ತಿಳಿದು, 9–3ರ ಬಹುಮತದಲ್ಲಿ ದೇವಸ್ಥಾನ ಕಾಂಬೋಡಿಯಾದ್ದು ಎಂದಿತು.

ಹಾಗಂತ ‘ಮೌನಂ ಸಮ್ಮತಿ ಲಕ್ಷಣಂ’ ಎಂಬುದು ಎಲ್ಲ ಕಡೆ ನಡೆಯುವುದಿಲ್ಲ. ವಿಷಯ ಗೊತ್ತಿರಬೇಕು, ಬಾಯಿ ಬಿಡಲೇಬೇಕಾದ ಸಂದರ್ಭವೂ ಆಗಿರಬೇಕು. 1951ರ ಮೀನುಗಾರಿಕೆ ಪ್ರಕರಣದಲ್ಲಿ, ಇದರೊಳಗಿನ ಮೀನು ತನ್ನವರಿಗೇ ಎಂದು ನಾರ್ವೆ ತನ್ನ ಕರಾವಳಿಗೆ ಗೆರೆ ಎಳೆದದ್ದು ತನಗೆ ಗೊತ್ತಿರಲಿಲ್ಲ ಎಂದು ಬ್ರಿಟನ್ ವಾದಿಸಿತು. ಅದೇ ಸಮುದ್ರದ ಮೀನಿನ ಮೇಲೆ ಕಣ್ಣಿಟ್ಟ ದೇಶಕ್ಕೆ ಗೊತ್ತಾಗದೇ ಇರುತ್ತದೆಯೇ? ನ್ಯಾಯಾಲಯ ನಂಬಲಿಲ್ಲ. ಇನ್ನು, ನಮ್ಮ ಜಮೀನನ್ನು ಬೇರೆಯವರು ಹಿಡಿದುಕೊಂಡರೆ 12 ವರ್ಷದೊಳಗೆ ದಾವೆ ಹೂಡಬೇಕು ಎಂಬ ಲೆಕ್ಕ ಇದೆಯಲ್ಲ, ದೇಶಗಳ ನಡುವೆ ಅಂಥ ಗಡುವಿಲ್ಲ. ಅದಕ್ಕೇ ಯಾರೂ ಕಾಯುತ್ತ ಕೂರುವುದಿಲ್ಲ.

2021ರ ಏಪ್ರಿಲ್‌ನಲ್ಲಿ ಅಮೆರಿಕದ ಯುದ್ಧನೌಕೆಯೊಂದು ಲಕ್ಷದ್ವೀಪದ ಪಶ್ಚಿಮಕ್ಕೆ ಸುಮಾರು 130 ನಾಟಿಕಲ್ ಮೈಲು ದೂರದಲ್ಲಿ, ನಮ್ಮ ವಿಶೇಷ ಆರ್ಥಿಕ ವಲಯದಲ್ಲಿ, ಅಂದರೆ ಮೀನು, ಖನಿಜದ ಹಕ್ಕು ನಮಗಿರುವ ಕಡಲಿನಲ್ಲಿ, ಸಾಗಿತು. ‘ಭಾರತದ ಅನುಮತಿ ಕೇಳಲಿಲ್ಲ’ ಎಂದು ಅಮೆರಿಕದವರು ತಾವೇ ಸಾರಿದರು. ನಮ್ಮವರು ಆಕ್ಷೇಪ ಹೇಳಿದರು. ಕಾರವಾರದ ಹತ್ತಿರ ಅರಗಾದಲ್ಲಿ ನೌಕಾನೆಲೆ ಇದೆ ನೋಡಿ, ಇಲ್ಲಿನ ಚಹಾ ಅಂಗಡಿಯಲ್ಲೂ ನಿಮ್ಮದೇ ಪ್ರಶ್ನೆ ಎದ್ದಿತ್ತು. ಹಡಗು ಹೋಗಿ ಆಗಿದೆ, ಇನ್ನು ಹೇಳಿ ಏನು ಬಂತು ಅಂತ. ಒಪ್ಪಿಗೆಯಿಲ್ಲದೆ ಆ ವಲಯದಲ್ಲಿ ಮಿಲಿಟರಿ ಕಸರತ್ತು ಮಾಡುವಂತಿಲ್ಲ ಎಂಬುದು ಭಾರತದ ಹಳೆಯ ನಿಲುವು. ಆವತ್ತು ಸುಮ್ಮನಿದ್ದಿದ್ದರೆ ನಾಳೆ ಅದನ್ನೇ ಎತ್ತಿ ತೋರಿಸುತ್ತಿದ್ದರು. ತಮಾಷೆಯೆಂದರೆ ಅಮೆರಿಕ ಹಡಗು ಕಳಿಸಿದ್ದೂ ಇದೇ ಹೆದರಿಕೆಗೆ. ತಾನು ಸುಮ್ಮನಿದ್ದರೆ ಭಾರತದ ನಿಲುವನ್ನು ಒಪ್ಪಿದ ಹಾಗಾಗುತ್ತದೆ, ಅಲ್ವಾ? ನನ್ನ ಲೆಕ್ಕದಲ್ಲಿ ಅವರ ಹಡಗು, ನಮ್ಮ ಹೇಳಿಕೆ ಎರಡೂ ತಕರಾರು ಅರ್ಜಿಗಳೇ.